ಹದಿನಾಲ್ಕು ಗುಂಡು ತಿಂದ ಹಂದಿ

ಆಲ್ಟನ್ ಕುಬೆನಾ ಹುಟ್ಟಿದಾಗಿನಿಂದ ಒಂದೇ ಒಂದು ಹಂದಿಯನ್ನೂ ಹೊಡೆದವನಲ್ಲ ಎಂಬ ಸಂಗತಿ ಹೊರ್ನಿಕ್ ಊರಿನಲ್ಲಿ ಎರಡೇ ಕಡೆ ಗೊತ್ತಿತ್ತು. ಒಂದು, ಅವನ ಹೆಂಡತಿ ಲನೆಲ್‌ಗೆ. ಇನ್ನೊಂದು, ಹಂದಿಗಳಿಗೆ. ಮಿಕ್ಕ ಊರಿಗೆಲ್ಲ ಅವನು ಭಾರಿ ಬೇಟೆಗಾರ. ಪೆಟ್ರೋಲ್ ಬಂಕಿನ ಪಕ್ಕದ ಡೋನಟ್ ಅಂಗಡಿಯಲ್ಲಿ ಬೆಳಗಿನ ಕಾಫಿಗೆ ಕೂತನೆಂದರೆ ‘ನಿನ್ನೆ ರಾತ್ರಿ ಮೂರು ಬಿತ್ತು’ ಎಂದು ಶುರುಮಾಡುತ್ತಿದ್ದ. ಏನು ಬಿತ್ತು ಎಂದು ಯಾರೂ ಬಿಡಿಸಿ ಕೇಳುತ್ತಿರಲಿಲ್ಲ, ಅವನೂ ಬಿಡಿಸಿ ಹೇಳುತ್ತಿರಲಿಲ್ಲ. ಬಿದ್ದದ್ದು ಮೂರು ಸಾಲು ಜೋಳದ ಗಿಡ.

ವೃತ್ತಿಯಲ್ಲಿ ಅವನು ಅಂಚೆಯವನು. ದಿನಕ್ಕೆ ಇನ್ನೂರ ಹನ್ನೆರಡು ಅಂಚೆ ಡಬ್ಬಿಗೆ ಕಾಗದ ಹಾಕುತ್ತಿದ್ದ. ಒಂದೊಂದು ಡಬ್ಬಿಯ ಹಿಂದೆಯೂ ಯಾರದೋ ಹೊಲ, ಯಾರದೋ ದನ, ಯಾರದೋ ಬೇಲಿ. ಇಪ್ಪತ್ತು ವರ್ಷ ಕಂಡವರ ಹೊಲದ ಬಾಗಿಲಲ್ಲಿ ನಿಂತು ನಿಂತು ಆಲ್ಟನ್‌ಗೆ ತನ್ನದೂ ಒಂದು ಹೊಲ ಬೇಕು ಎಂಬ ಆಸೆ ಹೊಟ್ಟೆಯಲ್ಲಿ ಗಂಟು ಕಟ್ಟಿತ್ತು. ಅದು ಸಣ್ಣ ಆಸೆಯಲ್ಲ, ರಾತ್ರಿ ನಿದ್ದೆಗೆಡಿಸುವ ಆಸೆ.

ಹೊಲ ಕೊಡುವ ದೇವರು ಅವನ ಮಾವ ಲ್ಯಾಡಿ ಮಾರೆಕ್. ಎಪ್ಪತ್ತೊಂದು ವಯಸ್ಸು, ಮಾತು ಕಡಮೆ, ಇದ್ದ ಮಾತೂ ಒರಟು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಆಲ್ಟನ್ ಅವನನ್ನು ‘ಸರ್’ ಎನ್ನುವುದು ಬಿಟ್ಟಿರಲಿಲ್ಲ. ಜಿಲ್ಲೆಯ ಮೇಳದಲ್ಲಿ ಒಣಹುಲ್ಲಿನ ಪರೀಕ್ಷಕ ಎಂದರೆ ಇಪ್ಪತ್ತೆರಡು ವರ್ಷದಿಂದ ಲ್ಯಾಡಿಯೇ. ಯಂತ್ರದಲ್ಲಿ ಬಿಗಿಯಾಗಿ ಸುತ್ತಿದ ಹುಲ್ಲಿನ ಉರುಳೆಗೆ ಭುಜದವರೆಗೂ ಕೈ ತೂರಿಸಿ, ಕಣ್ಣು ಮುಚ್ಚಿ, ಇದು ಒಣಗಿದೆ, ಇದು ಒಣಗಿಲ್ಲ ಎಂದು ತೀರ್ಪು ಕೊಟ್ಟರೆ ಮುಗಿಯಿತು, ಮೇಲ್ಮನವಿ ಇಲ್ಲ. ಹಳ್ಳದ ಪಕ್ಕದ ಮೂವತ್ತೆಕರೆಯನ್ನು ಅಳಿಯನಿಗೆ ಕೊಡುವಾಗ ಅವನು ಒಂದು ಷರತ್ತು ಹಾಕಿದ್ದ. (ಟೆಕ್ಸಸ್ಸಿನಲ್ಲಿ ಮೂವತ್ತೆಕರೆ ಎಂದರೆ ಹಿತ್ತಲು, ಆದರೂ ಹಿತ್ತಲೇ ಇಲ್ಲದವನಿಗೆ ಅದು ರಾಜ್ಯ.) ಮೂರು ಬೆಳೆ ನೋಡುತ್ತೇನೆ, ಮೂರನೆಯದರೊಳಗೆ ಒಂದು ಸಲವಾದರೂ ಜೋಳ ಮನೆಗೆ ಬಂದರೆ ಹೊಲ ನಿನ್ನ ಹೆಸರಿಗೆ, ಬಾರದಿದ್ದರೆ ಪಕ್ಕದ ಡೋಯ್ಲ್ ಪ್ರೂವಿಟ್‌ಗೆ ಗುತ್ತಿಗೆ ಎಂದಿದ್ದ. ಮೊದಲ ಎರಡು ಬೆಳೆ ಹಂದಿಗಳ ಪಾಲಾಗಿತ್ತು. ಈಗ ಮೂರನೆಯದು ಹಾಲುತೆನೆಗೆ ಬಂದು ನಿಂತಿತ್ತು. ಡೋಯ್ಲ್ ದಿನಾ ಬೇಲಿಯ ಆಚೆ ನಿಂತು ಈ ಹೊಲವನ್ನು ತನ್ನದೇ ಎಂಬಂತೆ ಕಣ್ಣಲ್ಲಿ ಅಳೆಯುತ್ತಿದ್ದ.

ಹೀಗಾಗಿ ಆಲ್ಟನ್ ಯಾರೋ ಬಳಸಿಬಿಟ್ಟ ಒಂದು ಬಿಸಿ ದುರ್ಬೀನು ತಂದು ಬಂದೂಕಿಗೆ ಕಟ್ಟಿದ. ಕತ್ತಲಲ್ಲಿ ಅದರೊಳಗೆ ನೋಡಿದರೆ ತಣ್ಣಗಿರುವುದೆಲ್ಲ ಕಪ್ಪು, ಬೆಚ್ಚಗಿರುವುದೆಲ್ಲ ಬೆಳ್ಳಗೆ ಕಾಣುತ್ತದೆ. ಮೊದಲ ದಿನ ಅದನ್ನು ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿ, ಕಾಫಿ ಪಾತ್ರೆ ಬೆಳ್ಳಗಿದೆ ಎಂದು ಲನೆಲ್‌ಗೆ ವರದಿ ಒಪ್ಪಿಸಿದ್ದ. ಅದು ಬರಿಗಣ್ಣಿಗೂ ಬೆಳ್ಳಗೇ ಇದೆ ಎಂದಿದ್ದಳು ಅವಳು.

ಮೇ ತಿಂಗಳ ಒಂದು ಸೋಮವಾರ ರಾತ್ರಿ ಅವನು ಬೇಟೆಗೆ ಹೊರಟ. ರಾತ್ರಿ ಬಂದೂಕು ಹಿಡಿದು ಹೊಲಕ್ಕೆ ಹೋಗುವವರು ವನ್ಯಜೀವಿ ವಾರ್ಡನ್‌ಗೆ ಮೊದಲೇ ಒಂದು ಫೋನ್ ಮಾಡುವುದು ಆ ಕಡೆಯ ರೂಢಿ. ಕಾನೂನೇನಲ್ಲ, ಗುಂಡಿನ ಸದ್ದಿಗೆ ಬೆಚ್ಚಿದ ಮುದುಕಿಯರು ಫೋನ್ ಮಾಡಿ ವಾರ್ಡನ್ನಿನ ನಿದ್ದೆ ಕೆಡಿಸದಿರಲಿ ಎಂದು. ವಾರ್ಡನ್ ಮಾರಿಸೆಲಾ ‘ಎಷ್ಟು ಹೊಡೀಬೇಕು ಅಂತಿದ್ದೀರಾ’ ಎಂದು ಕೇಳಿದಳು. ಆಲ್ಟನ್ ಗಂಭೀರವಾಗಿ, ಇದ್ದಷ್ಟೂ ಎಂದ.

ಪಿಕಪ್ಪಿನ ಹಿಂದೆ ಕುರ್ಚಿ ಹಾಕಿಕೊಂಡು ದುರ್ಬೀನಿಗೆ ಕಣ್ಣಿಟ್ಟ. ಹೊಲದ ಕೆಳಮೂಲೆಯಲ್ಲಿ, ಹಳ್ಳದ ಹತ್ತಿರ, ಕಪ್ಪು ಜೋಳದ ನಡುವೆ ಬೆಳ್ಳಗೆ ಒಂದು ಬೆನ್ನು ಎದ್ದಿತ್ತು. ಕಾಲು ಕಾಣಲಿಲ್ಲ, ಮೂತಿ ಕಾಣಲಿಲ್ಲ, ಅಷ್ಟಗಲ ಬೆನ್ನು ಮಾತ್ರ ಕಂಡಿತು. ಎರಡು ವರ್ಷದ ತನ್ನ ಬೆಳೆಯೆಲ್ಲ ಎಲ್ಲಿ ಹೋಯಿತು ಎಂಬುದು ಅವನಿಗೆ ಆ ಗಳಿಗೆಯಲ್ಲಿ ಸ್ಪಷ್ಟವಾಯಿತು. ಗುಂಡು ಹಾರಿಸಿದ. ಮೊದಲನೆಯದಕ್ಕೆ ಹಂದಿ ಅಲುಗಲಿಲ್ಲ. ಎರಡನೆಯದಕ್ಕೆ ಅಲುಗಲಿಲ್ಲ. ಏಳನೆಯದಕ್ಕೆ ತಿರುಗಿ ಕೂಡ ನೋಡಲಿಲ್ಲ. ಹದಿನಾಲ್ಕನೆಯದಕ್ಕೆ ಆಲ್ಟನ್ನೇ ಅಲುಗಿದ. ಕುರ್ಚಿಯನ್ನು ಅಲ್ಲೇ ಬೀಳಿಸಿ, ಪಿಕಪ್ಪನ್ನು ಹಿಮ್ಮುಖವಾಗಿ ಅರ್ಧ ಮೈಲಿ ಓಡಿಸಿಕೊಂಡು ಮನೆ ಸೇರಿದ.

ಲನೆಲ್ ಹಾಸಿಗೆಯಲ್ಲಿ ಎದ್ದು ಕೂತು ಕಥೆಯನ್ನೆಲ್ಲ ಕೇಳಿದಳು.

“ಹದಿನಾಲ್ಕು ಗುಂಡು ತಿಂದೂ ನಿಂತಿದೆ ಅಂದ್ರೆ, ಒಂದೋ ಅದು ಹಂದಿ ಅಲ್ಲ, ಇಲ್ಲಾ ನಿನ್ನ ಗುಂಡು ಅಲ್ಲಿಗೆ ಹೋಗಿಲ್ಲ. ಎರಡ್ರಲ್ಲಿ ಯಾವುದು ಅಂತ ಬೆಳಗ್ಗೆ ನೋಡ್ಕೋ, ಈಗ ದೀಪ ಆರ್ಸು,” ಎಂದಳು.

ಬೆಳಗ್ಗೆ ನೋಡಿದರೆ ಹಂದಿಯಿಲ್ಲ, ಹೆಣವಿಲ್ಲ, ರಕ್ತವಿಲ್ಲ. ಆದರೆ ಜೋಳದ ನಡುವೆ ಆರಡಿ ಅಗಲದ ದಾರಿ ಬಿದ್ದಿತ್ತು. ಗಿಡಗಳೆಲ್ಲ ಚಾಪೆ ಹಾಸಿದ ಹಾಗೆ ಮಲಗಿದ್ದವು. ಅಲ್ಲಲ್ಲಿ ತೆನೆ ಕಿತ್ತು ತಿಂದು ಎಸೆದಿತ್ತು. ಆಲ್ಟನ್‌ಗಿಂತ ಮೊದಲೇ ಲ್ಯಾಡಿ ಅಲ್ಲಿ ನಿಂತಿದ್ದ, ಮುಖ ಕಪ್ಪಿಟ್ಟಿತ್ತು. ಡೋಯ್ಲ್ ಬೇಲಿ ದಾಟಿ ಬಂದು ಬಗ್ಗಿ ನೋಡಿ, ಟ್ರ್ಯಾಕ್ಟರ್ ಗಾಲಿಯ ಗುರುತೂ ಇದೆಯಲ್ಲ ಎಂದು ರಾಗ ಎಳೆದ. ಹೊಲದಲ್ಲಿ ಟ್ರ್ಯಾಕ್ಟರ್ ಗುರುತು ಇರದೆ ವಿಮಾನದ ಗುರುತು ಇರತ್ತಾ ಎಂದು ಲ್ಯಾಡಿ ಅವನ ಬಾಯಿ ಮುಚ್ಚಿಸಿದ. ಮಾವ ತನ್ನ ಪರವಾಗಿ ಮಾತಾಡಿದ್ದು ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ಆಲ್ಟನ್‌ಗೆ ಕಣ್ಣಲ್ಲಿ ನೀರು ಬಂತು.

ಅಂಚೆಯವನ ಬಾಯಿಗೆ ಸಿಕ್ಕ ಸುದ್ದಿಗೆ ಬೇರೆ ಪತ್ರಿಕೆ ಬೇಕಾಗಿಲ್ಲ. ಮೊದಲ ಡಬ್ಬಿಯ ಹತ್ತಿರ ಹಂದಿ ನಾನೂರು ಪೌಂಡ್ ತೂಗುತ್ತಿತ್ತು. ಐವತ್ತನೆಯ ಡಬ್ಬಿಯ ಹೊತ್ತಿಗೆ ಆರುನೂರಾಯಿತು. ಹಳೆಯ ಗಂಡುಹಂದಿಗೆ ಭುಜದ ಮೇಲೆ ಗುರಾಣಿಯಂಥ ತೊಗಲು ಇರುವುದು ನಿಜ. ಅದು ನೂರನೆಯ ಡಬ್ಬಿಯಲ್ಲಿ ನಾಲ್ಕು ಬೆರಳು ದಪ್ಪವಿದ್ದದ್ದು ಇನ್ನೂರನೆಯದರಲ್ಲಿ ಒಂದು ಗೇಣಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಹೊರ್ನಿಕ್‌ನಲ್ಲೂ ಇದ್ದರು. ಸಂಜೆಗೆ ಹನ್ನೊಂದು ಪಿಕಪ್ಪುಗಳು ಬಂದು ಹೊಲದ ಅಂಚಿನಲ್ಲಿ ಸಾಲಾಗಿ ನಿಂತವು.

ಎರಡನೆಯ ರಾತ್ರಿ ಅದನ್ನು ಎಲ್ಲರೂ ಕಂಡರು. ಡೋಯ್ಲ್‌ನ ದುರ್ಬೀನು ಹೊಚ್ಚ ಹೊಸದು, ಅದರಲ್ಲಿ ಇನ್ನೂ ಚೆನ್ನಾಗಿ ಕಂಡಿತು. ಹಂದಿ ನಿನ್ನೆಗಿಂತ ದೊಡ್ಡದಾಗಿದೆ, ನಿನ್ನೆಗಿಂತ ಬೆಳ್ಳಗಾಗಿದೆ ಎಂದು ಆಲ್ಟನ್ ಸಾಕ್ಷಿ ನುಡಿದ. ಗುಂಡು ತಿಂದು ತಿಂದೇ ಅದು ಬೆಳೆಯುತ್ತಿದೆ ಎಂದು ಯಾರೋ ಸಿದ್ಧಾಂತ ಮಂಡಿಸಿದರು. ಹಾಗಾದರೆ ಹೊಡೆಯಬಾರದು ಎಂದು ಇನ್ನೊಬ್ಬರು ವಾದಿಸಿದರು. ವಾದ ಮಾಡುತ್ತಲೇ ಎಲ್ಲರೂ ಹೊಡೆದರು. ಮೂರನೆಯ ರಾತ್ರಿ ಅದರ ಕುತ್ತಿಗೆಯಿಂದ ಸಣ್ಣಗೆ ಹೊಗೆ ಎದ್ದಿತು. ಆಗ ಗುಂಪಿನಲ್ಲಿ ಇಬ್ಬರು ಟೋಪಿ ತೆಗೆದು ಶಿಲುಬೆಯ ಗುರುತು ಮಾಡಿಕೊಂಡರು. ಮರುದಿನ ಪಾದ್ರಿಯವರನ್ನು ಬಂದು ಹೊಲಕ್ಕೆ ಪವಿತ್ರಜಲ ಚಿಮುಕಿಸಿ ಎಂದು ಕೇಳಲಾಯಿತು. ಭಾನುವಾರ ಇಷ್ಟೇ ಜನ ಚರ್ಚಿಗೆ ಬಂದರೆ ಯೋಚಿಸುತ್ತೇನೆ ಎಂದು ಅವರು ಹೇಳಿ ಕಳಿಸಿದರು.

ಹಂದಿ ಹಿಡಿಯುವ ಮೂರು ನಾಯಿಗಳನ್ನೂ ಪಕ್ಕದ ಊರಿನಿಂದ ತರಿಸಿದ್ದಾಯಿತು. ಕುತ್ತಿಗೆಗೆ ದಪ್ಪ ಪಟ್ಟಿ ಕಟ್ಟಿದ, ಕಿವಿ ಹರಿದ, ಅನುಭವಸ್ಥ ನಾಯಿಗಳು. ಬಿಟ್ಟ ಕೂಡಲೇ ಓಡಿದವು. ಎಲ್ಲರೂ ಉಸಿರು ಬಿಗಿಹಿಡಿದು ದುರ್ಬೀನಿನಲ್ಲಿ ನೋಡುತ್ತಿದ್ದರು. ನಾಯಿಗಳು ಹಂದಿಯನ್ನು ಒಂದು ಸುತ್ತು ಮೂಸಿದವು. ಒಂದು ನಾಯಿ ಹಿಂಗಾಲು ಎತ್ತಿ, ಸಾವಕಾಶವಾಗಿ ಕೆಲಸ ಮುಗಿಸಿ, ವಾಪಸು ಬಂದು ಪಿಕಪ್ಪಿನಲ್ಲಿ ಮಲಗಿತು. ಭಯವಾದರೆ ನಾಯಿಗೂ ಹಾಗಾಗುತ್ತದೆ ಎಂದು ಅದರ ಯಜಮಾನ ವಿವರಿಸಿದ. ಹತ್ತಿರ ಹೋಗಿ ನೋಡೋಣ ಎಂದವರು ಎಲ್ಲರೂ. ಹತ್ತಿರ ಹೋದವರು ಯಾರೂ ಇಲ್ಲ. ಲ್ಯಾಡಿ ಮಾತ್ರ ಪ್ರತಿ ರಾತ್ರಿ ಹನ್ನೆರಡರ ಹೊತ್ತಿಗೆ ಬಂದು, ಇಬ್ಬನಿ ಎದೆಗೆ ಒಳ್ಳೆಯದಲ್ಲ, ಮನೆಗೆ ನಡೀರಿ ಎಂದು ಎಲ್ಲರನ್ನೂ ಸಾಗಹಾಕುತ್ತಿದ್ದ. ಇಷ್ಟು ವರ್ಷ ಯಾರ ಎದೆಯ ಚಿಂತೆಯೂ ಮಾಡದವನು ಈಗೇಕೆ ಮಾಡುತ್ತಿದ್ದಾನೆಂದು ಒಬ್ಬರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಜೋಳ ಕರಗುತ್ತಿತ್ತು. ದಿನಾ ಬೆಳಗ್ಗೆ ಹೊಸದೊಂದು ಆರಡಿ ದಾರಿ, ಹೊಸದಾಗಿ ತಿಂದ ಸಾಲುಗಳು. ನಾಲ್ಕನೆಯ ರಾತ್ರಿ ಆಲ್ಟನ್‌ಗೆ ನಿದ್ದೆ ಹತ್ತಲಿಲ್ಲ. ಎಷ್ಟು ಸಾಲು ಉಳಿದಿದೆ ನೋಡಿಬರೋಣ ಎಂದು ಬೆಳಗಿನ ಜಾವ ಎದ್ದು ಒಬ್ಬನೇ ನಡೆದುಕೊಂಡು ಹೋದ. ಹೊಲದ ಮೂಲೆಯಲ್ಲಿ ದೀಪ ಹಾಕದ ಟ್ರ್ಯಾಕ್ಟರ್ ಗುಡುಗುಡು ಎನ್ನುತ್ತಿತ್ತು. ಮೇಲೆ ಲ್ಯಾಡಿ ಮಾರೆಕ್ ಕೂತಿದ್ದ. ಟ್ರ್ಯಾಕ್ಟರಿನ ಮುಂದಿನ ಚೂಪು ಸಲಾಕೆಗೆ ಆಳೆತ್ತರದ ಒಂದು ಹುಲ್ಲಿನ ಉರುಳೆ ಚುಚ್ಚಿಕೊಂಡಿತ್ತು. ಅದರಿಂದ ಹೊಗೆಸೊಪ್ಪಿಗೆ ಬೆಲ್ಲ ಹಾಕಿ ಸುಟ್ಟ ವಾಸನೆ ಬರುತ್ತಿತ್ತು. ಮೈತುಂಬ ಗುಂಡಿನ ತೂತು.

ಆಲ್ಟನ್ ಹತ್ತಿರ ಹೋಗಿ ಒಂದು ತೂತಿಗೆ ಬೆರಳಿಟ್ಟು ನೋಡಿದ.

“ಸರ್, ಇದು ಹಂದಿ ಅಲ್ಲ,” ಎಂದ.

“ಗೊತ್ತು,” ಎಂದ ಲ್ಯಾಡಿ. ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು, ಟೋಪಿ ತೆಗೆದು, ಅದರೊಳಗೆ ನೋಡುತ್ತ ಎಲ್ಲವನ್ನೂ ಹೇಳಿದ. ಹೋದ ಶನಿವಾರ ಚರ್ಚಿನ ಸಭಾಂಗಣದಲ್ಲಿ ತಾರೋಕಿ ಇಸ್ಪೀಟಿನ ಪಂದ್ಯವಿತ್ತು. ನಲವತ್ತೊಂದು ಉರುಳೆಯಲ್ಲಿ ಕೊನೆಯದನ್ನು ಸುತ್ತುವಾಗ ಕತ್ತಲಾಗಿ ಇಬ್ಬನಿ ಬಿದ್ದಿತ್ತು. ಪಂದ್ಯಕ್ಕೆ ಹೊತ್ತಾಯಿತೆಂದು ಅವನು ಹಾಗೇ ಸುತ್ತಿಬಿಟ್ಟ. ಹಸಿ ಹುಲ್ಲನ್ನು ಬಿಗಿದು ಸುತ್ತಿದರೆ ಒಳಗೊಳಗೇ ಕಾದು, ದಿನದಿಂದ ದಿನಕ್ಕೆ ಬಿಸಿಯೇರಿ, ಕೊನೆಗೆ ಹೊತ್ತಿಕೊಳ್ಳುತ್ತದೆ ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಕೊಟ್ಟಿಗೆಯಲ್ಲಿಟ್ಟರೆ ಕೊಟ್ಟಿಗೆ ಸುಡುತ್ತದೆ. ಬಯಲಲ್ಲಿಟ್ಟರೆ ಊರು ನೋಡುತ್ತದೆ. ಅದಕ್ಕೆ ಹಗಲೆಲ್ಲ ಕೊಟ್ಟಿಗೆಯ ಹಿಂದೆ ತಾಡಪಾಲು ಮುಚ್ಚಿ ಬಕೆಟ್ ಹಿಡಿದು ಕಾವಲು ಕೂರುವುದು. ರಾತ್ರಿ ಕಣ್ಣು ಮುಚ್ಚಬೇಕಲ್ಲ, ಆಗ ತಂದು ಹಸಿ ಜೋಳದ ನಡುವೆ ನಿಲ್ಲಿಸುವುದು. ಹಸಿ ಜೋಳಕ್ಕೆ ಬೆಂಕಿ ಹತ್ತುವುದಿಲ್ಲ.

“ನನ್ ಜೋಳ ಸರ್ ಅದು,” ಎಂದ ಆಲ್ಟನ್.

“ಗೊತ್ತು ಕಣಯ್ಯಾ. ಹೋದ್ವರ್ಷ ಮೇಳದಲ್ಲಿ ಡೋಯ್ಲ್ ಹುಲ್ಲಿಗೆ ಕೈ ಹಾಕಿ, ಇದ್ರೊಳಗೆ ಕೊಲಾಚೆ ಬನ್ನು ಬೇಯಿಸ್ಬಹುದು ಅಂದಿದ್ದೆ. ನಾನೂರು ಜನದ ಎದುರಿಗೆ. ಇದು ಅವನ ಕಣ್ಣಿಗೆ ಬಿದ್ರೆ ನಾನು ಊರಲ್ಲಿ ತಲೆಯೆತ್ತಿ ತಿರುಗೋ ಹಾಗಿಲ್ಲ. ಯಾರ್ಗೂ ಹೇಳ್ಬೇಡ.”

ಮಾವನ ಬಾಯಿಂದ ‘ಬೇಡ’ ಎಂಬ ಮಾತು ಎಷ್ಟೋ ಸಲ ಕೇಳಿದ್ದ ಆಲ್ಟನ್, ಅದನ್ನು ಬೇಡಿಕೆಯಾಗಿ ಕೇಳಿದ್ದು ಅಂದೇ. ಬೇರೆ ಯಾವ ಅಳಿಯನಾದರೂ ಆ ಗಳಿಗೆಯಲ್ಲಿ ಹೊಲದ ಪತ್ರ ಬರೆಸಿಕೊಳ್ಳುತ್ತಿದ್ದ. ನಮ್ಮ ಆಲ್ಟನ್‌ಗೆ ಅದು ಹೊಳೆದದ್ದು ಮೂರು ದಿನದ ನಂತರ. ಆಗ ಹೊಳೆದದ್ದೆಂದರೆ, ಇದನ್ನು ದನಗಳ ನೀರಿನ ಕಟ್ಟೆಗೆ ತಳ್ಳಿಬಿಡಬಾರದೇಕೆ ಎಂಬುದೊಂದೇ. ಐವತ್ತು ವರ್ಷ ಒಕ್ಕಲುತನ ಮಾಡಿದ ಲ್ಯಾಡಿ ಅವನನ್ನು ದುರುಗುಟ್ಟಿ ನೋಡಿ, ಅದನ್ನ ನಾನೂ ಯೋಚಿಸಿದ್ದೆ ಎಂದು ಸುಳ್ಳು ಹೇಳಿದ.

ಆ ದಿನ ಸಂಜೆ ಕತ್ತಲಾಗುತ್ತಿದ್ದಂತೆ, ಬೇಟೆಗಾರರು ಸೇರುವ ಮುನ್ನ, ಮಾವ ಅಳಿಯ ಸೇರಿ ಉರುಳೆಯನ್ನು ಕಟ್ಟೆಯ ಏರಿಯ ಮೇಲಕ್ಕೆ ತಂದರು. ಕಟ್ಟೆಯ ಈ ದಡ ಮಾರೆಕ್‌ನದು, ಆ ದಡ ಡೋಯ್ಲ್‌ನದು. ಇಬ್ಬರೂ ಹೆಗಲು ಕೊಟ್ಟು ತಳ್ಳಿದರು. ಉರುಳೆ ನೀರಿಗೆ ಬಿದ್ದ ರಭಸಕ್ಕೆ ಬುಸ್ಸೆಂದು ಹಬೆ ಎದ್ದು ಆಕಾಶಕ್ಕೆ ಹೋಯಿತು. ಈಗ ಮುಳುಗುತ್ತೆ ಎಂದ ಲ್ಯಾಡಿ. ಅದು ಮುಳುಗಲಿಲ್ಲ. ಒಣಹುಲ್ಲು ತೇಲುತ್ತದೆ ಎಂಬುದೂ ಆ ಊರಿನ ಮಕ್ಕಳಿಗೆ ಗೊತ್ತಿತ್ತು. ಬೆನ್ನು ಮೇಲೆ ಮಾಡಿಕೊಂಡು, ದಕ್ಷಿಣದ ಗಾಳಿಗೆ ಮೆಲ್ಲಗೆ ಡೋಯ್ಲ್‌ನ ದಡದ ಕಡೆ ಹೊರಟಿತು.

ಅಂದೇ ಡೋಯ್ಲ್ ಊರಿಗೆಲ್ಲ ಹೇಳಿ, ಹಂದಿ ನೀರಿಗೆ ಬಂದೇ ಬರುತ್ತದೆ, ಬೇಗ ಬನ್ನಿ, ನನ್ನ ದಡದಲ್ಲಿ ಕಾಯೋಣ ಎಂದು ಸೇರಿಸಿದ್ದ. ಹದಿನಾಲ್ಕು ಪಿಕಪ್ಪುಗಳು ಆ ದಡಕ್ಕೆ ಬಂದು ನಿಂತವು. ಹದಿನಾಲ್ಕು ದುರ್ಬೀನುಗಳಲ್ಲಿ ಬೆಳ್ಳನೆಯ ಒಂದು ಮಹಾಹಂದಿ ಮೂಗಿನಿಂದ ಹೊಗೆ ಬಿಡುತ್ತ, ನೇರವಾಗಿ ತಮ್ಮ ಕಡೆಗೇ ಈಜಿಕೊಂಡು ಬರುವುದು ಕಂಡಿತು. ಆಮೇಲೆ ಯಾರೂ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಮಾವ ಅಳಿಯ ಏರಿಯ ಹಿಂದೆ ಕೆಸರಿನಲ್ಲಿ ಮುಖ ಕೆಳಗೆ ಮಾಡಿ ಮಲಗಿದರು. ಗುಂಡುಗಳು ತಲೆಯ ಮೇಲೆ ಹಾದುಹೋಗುತ್ತಿದ್ದವು.

“ಡೋಯ್ಲ್ ಗುರಿ ಪರ್ವಾಗಿಲ್ಲ,” ಎಂದ ಲ್ಯಾಡಿ ಸ್ವಲ್ಪ ಹೊತ್ತಿನ ಮೇಲೆ.

“ಹೌದು ಸರ್,” ಎಂದ ಆಲ್ಟನ್.

ಇದ್ದಬದ್ದ ತೋಟಾಗಳೆಲ್ಲ ತೀರಿದ ಮೇಲೆ ಸದ್ದು ನಿಂತಿತು. ಹಂದಿ ಸತ್ತಿದೆಯೋ ಬದುಕಿದೆಯೋ ನೋಡಲು ನೀರಿಗಿಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಎಲ್ಲರೂ ಪಿಕಪ್ಪುಗಳ ಬಾಗಿಲು ಭದ್ರ ಮಾಡಿಕೊಂಡು ಬೆಳಕು ಹರಿಯುವವರೆಗೂ ಒಳಗೇ ಕೂತರು.

ಬೆಳಕು ಹರಿದಾಗ ಡೋಯ್ಲ್‌ನ ದಡದ ಕೆಸರಿನಲ್ಲಿ ನೆನೆದ ಒಂದು ಹುಲ್ಲಿನ ಉರುಳೆ ಇತ್ತು. ಗುಂಪು ಅದರ ಸುತ್ತ ನಿಂತು ನೋಡಿತು. ಮಾವ ಅಳಿಯ ಕೂಡ ಏರಿ ಬಳಸಿಕೊಂಡು ಬಂದು ಗುಂಪಿನಲ್ಲಿ ಸೇರಿಕೊಂಡರು. ವಾರ್ಡನ್ ಮಾರಿಸೆಲಾ ಬಂದಳು; ರಾತ್ರಿಯೆಲ್ಲ ಮೂವತ್ತೊಂದು ಮುದುಕಿಯರು ಅವಳಿಗೆ ಫೋನ್ ಮಾಡಿದ್ದರು. ಅವಳು ವರದಿಯ ಕಾಗದ ತೆಗೆದು, ಪ್ರಾಣಿಯ ಹೆಸರು ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿದಳು. ಲನೆಲ್ ಕಾಫಿಯ ಫ್ಲಾಸ್ಕು ಹಿಡಿದು ಬಂದಳು, ನೋಡಿದಳು, ಎಲ್ಲರಿಗೂ ಕೊಟ್ಟು ಗಂಡನಿಗೆ ಮಾತ್ರ ಕೊಡಲಿಲ್ಲ. ಆಮೇಲೆ ಯಾರೋ ನಕ್ಕರು. ಯಾರ ದಡವೋ ಅವರದೇ ಹುಲ್ಲು, ಡೋಯ್ಲ್ ಈ ಸಲವೂ ಹಸಿಯದನ್ನೇ ಸುತ್ತಿದ್ದಾನೆ ಎಂದು ಇನ್ನೊಬ್ಬರು ಕೂಗಿದರು. ಡೋಯ್ಲ್ ಕೆಂಪಗಾಗಿ, ತನ್ನದಲ್ಲ, ತನ್ನದಲ್ಲ ಎಂದು ಎಲ್ಲರ ಮುಖವನ್ನೂ ನೋಡಿದ. ಯಾರೂ ನಂಬಲಿಲ್ಲ. ಲ್ಯಾಡಿಯನ್ನು ಮುಂದೆ ಕರೆದು, ನೀವೇ ಕೈ ಹಾಕಿ ತೀರ್ಪು ಹೇಳಿ ಎಂದರು.

ಲ್ಯಾಡಿ ಅಂಗಿಯ ತೋಳು ಮಡಚಿದ. ಕೈ ಮುಂದೆ ಹೋಗಲಿಲ್ಲ. ಅದನ್ನು ನೋಡಿ ಆಲ್ಟನ್‌ಗೆ ಸಂಕಟವಾಯಿತು. ಹೊಲ ಹೇಗೂ ಹೋಗಿದೆ, ಮಾನ ಎಂಬುದು ತನ್ನಲ್ಲಿ ಮೊದಲೇ ಅಷ್ಟಕ್ಕಷ್ಟೆ ಎಂದುಕೊಂಡು ಮುಂದೆ ಬಂದ.

“ಅದು ನಂದು,” ಎಂದ. “ಮಾವ ಇಸ್ಪೀಟಿಗೆ ಹೋಗಿದ್ರು. ನಾನೇ ಯಂತ್ರ ತಗೊಂಡು ಸುತ್ತಿದೆ.”

ಡೋಯ್ಲ್ ಅವನನ್ನು ತಲೆಯಿಂದ ಕಾಲಿನವರೆಗೂ ನೋಡಿದ. “ನೀನೇ ಸುತ್ತಿ, ನೀನೇ ಹೊಲದಲ್ಲಿಟ್ಟು, ನೀನೇ ಹದಿನಾಲ್ಕು ಗುಂಡು ಹೊಡ್ದೆ?”

“ಹೌದು.”

“ಸರಿ. ಹುಲ್ಲು ಸುತ್ತೋ ಯಂತ್ರ ಹ್ಯಾಗೆ ಶುರು ಮಾಡಿದೆ?”

“ಕೀಲಿ ತಿರುಗಿಸಿ,” ಎಂದ ಆಲ್ಟನ್.

ಆ ಯಂತ್ರಕ್ಕೆ ಕೀಲಿಯೇ ಇಲ್ಲ. ಟ್ರ್ಯಾಕ್ಟರಿನ ಹಿಂದೆ ಕಟ್ಟಿ, ಟ್ರ್ಯಾಕ್ಟರಿನ ಬಲದಿಂದಲೇ ತಿರುಗಿಸುವ ಯಂತ್ರ ಅದು. ಸುತ್ತ ನಿಂತವರೆಲ್ಲ ಹುಲ್ಲು ಸುತ್ತಿ ಬೆಳೆದವರು. ಒಬ್ಬೊಬ್ಬರಾಗಿ ಎಲ್ಲರ ತಲೆಯೂ ಲ್ಯಾಡಿಯ ಕಡೆ ತಿರುಗಿತು. ಲನೆಲ್ ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ಫ್ಲಾಸ್ಕಿನ ಮುಚ್ಚಳ ತೆಗೆದು ಗಂಡನಿಗೂ ಕಾಫಿ ಬಗ್ಗಿಸಿದಳು.

“ಡೋಯ್ಲ್, ಉರುಳೆ ನಂದು,” ಎಂದ ಲ್ಯಾಡಿ. “ಇಬ್ಬನೀಲಿ ಸುತ್ತಿದೆ. ಇಸ್ಪೀಟಿಗೆ ಹೊತ್ತಾಗಿತ್ತು.”

ಈ ದಿನಕ್ಕಾಗಿ ಡೋಯ್ಲ್ ಒಂದು ವರ್ಷದಿಂದ ಮಾತುಗಳನ್ನು ಕೂಡಿಟ್ಟಿದ್ದ.

“ಎಷ್ಟು ಗೆದ್ರಿ?” ಎಂದ.

“ಸೋತೆ.”

ಡೋಯ್ಲ್ ತಲೆಯಾಡಿಸಿದ. ಅಷ್ಟಕ್ಕೇ ಅವನಿಗೆ ತೃಪ್ತಿಯಾದಂತೆ ಕಂಡಿತು. ಲ್ಯಾಡಿ ಗಂಟಲು ಸರಿಮಾಡಿಕೊಂಡು ವಾರ್ಡನ್ ಕಡೆ ತಿರುಗಿ, ಈ ಮಾತನ್ನೂ ಬರೆದುಕೊಳ್ಳಿ ಎಂದ. ಆಚೆಯ ಮೂವತ್ತೆಕರೆ ಈ ಗಳಿಗೆಯಿಂದ ನನ್ನ ಅಳಿಯನದು, ಷರತ್ತು ಗಿರತ್ತು ಏನೂ ಇಲ್ಲ, ಇಷ್ಟು ಜನ ಸಾಕ್ಷಿ ಎಂದ. ವನ್ಯಜೀವಿಯ ವರದಿಯಲ್ಲಿ ಅದಕ್ಕೆ ಜಾಗವಿಲ್ಲ ಎಂದಳು ಮಾರಿಸೆಲಾ. ಆದರೂ ಬರೆದುಕೊಂಡಳು. ಇಪ್ಪತ್ತು ವರ್ಷದ ಆಸೆ ಕೈಗೆ ಬಂದ ಸಂತೋಷಕ್ಕೆ ಆಲ್ಟನ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ತನ್ನ ಹೊಲದ ಕಡೆ ತಿರುಗಿದ.

ಕಟ್ಟೆಯಾಚೆ ಜೋಳ ಸರಸರನೆ ಅಲುಗಿತು. ಗಿಡಗಳ ನಡುವಿನಿಂದ ಕಪ್ಪಗೆ ದಪ್ಪಗೆ ಒಂದು ಹೆಣ್ಣುಹಂದಿ ಹೊರಬಂತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಹತ್ತು. ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಉಂಡು, ಮೂತಿಗೆ ಜೋಳದ ಹಾಲು ಮೆತ್ತಿಕೊಂಡು, ಹಗಲು ಬೆಳಕಿನಲ್ಲಿ ಸಾಲಾಗಿ ಹಳ್ಳದ ಕಡೆ ನಡೆದವು. ಐದು ರಾತ್ರಿಯ ಗುಂಡಿನ ಸದ್ದು ಅವುಗಳ ಒಂದು ಕೂದಲನ್ನೂ ಕೊಂಕಿಸಿರಲಿಲ್ಲ. ಇದು ಈ ಜನರ ಮದುವೆಯ ಪದ್ಧತಿ ಇರಬೇಕು ಎಂದು ತಿಳಿದಿದ್ದವೋ ಏನೋ. ಊರಿನ ಅಷ್ಟೂ ದುರ್ಬೀನು ಒಂದೇ ಮೂಲೆ ನೋಡುತ್ತಿದ್ದಾಗ ಅವು ಮಿಕ್ಕ ಮೂರು ಮೂಲೆ ಮುಗಿಸಿದ್ದವು.

ಹದಿನಾಲ್ಕು ಬಂದೂಕು ಒಟ್ಟಿಗೆ ಮೇಲೆದ್ದವು. ಹದಿನಾಲ್ಕೂ ಟಿಕ್ ಎಂದವು. ಒಂದರಲ್ಲೂ ತೋಟಾ ಇರಲಿಲ್ಲ. ವಾರ್ಡನ್ ಸೊಂಟದ ಪಿಸ್ತೂಲಿಗೆ ಕೈ ಹಾಕಿ, ದೂರ ನೋಡಿ, ಕೈ ತೆಗೆದು, ಪೆನ್ನು ಹಿಡಿದು ಎಣಿಸತೊಡಗಿದಳು. ಮೂವತ್ತೇಳು ಎಂದಳು.

“ನಿನ್ ಹೊಲದಿಂದ ಬರ್ತಿವೆ ಕಣಯ್ಯಾ,” ಎಂದ ಲ್ಯಾಡಿ ಮಾರೆಕ್. “ಏನ್ ಮಾಡ್ತೀಯೋ ನೀನೇ ನೋಡ್ಕೋ.”

ಹೊಲದ ಯಜಮಾನ ಏರಿಯ ಮೇಲೆ ಓಡಿಹೋಗಿ ಟೋಪಿ ಬೀಸಿ ‘ಹೋಯ್’ ಎಂದ. ಹಂದಿಗಳು ಅವಸರ ಮಾಡಲಿಲ್ಲ. ಎಲ್ಲಕ್ಕಿಂತ ಹಿಂದಿದ್ದ ಒಂದು ಮರಿ ಮಾತ್ರ ನಿಂತು, ಅವನನ್ನು ಚೆನ್ನಾಗಿ ನೋಡಿ, ತಿರುಗಿ ಜೋಳದೊಳಕ್ಕೇ ಹೋಯಿತು.